ಇನ್ನೆರಡು ದಿನ ತಡಿ

ದೀಪಾವಳಿ ಮುಗಿದು ಹಣತೆಗಳನ್ನು ಒರೆಸಿ ಎತ್ತಿಡುವ ಹೊತ್ತಿಗೆ ನಮ್ಮ ಬಸವಕಲ್ಯಾಣದ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ‘ಇನ್ನೆರಡು ದಿನ ತಡಿ.’ ಬಚ್ಚಲೊಲೆಗೆ ಉರಿ ಹಾಕುವುದಕ್ಕೆ ಇನ್ನೆರಡು ದಿನ ತಡಿ. ಅಟ್ಟದ ಮೇಲಿನ ಕೌದಿ, ರಜಾಯಿ ಇಳಿಸುವುದಕ್ಕೆ ಇನ್ನೆರಡು ದಿನ ತಡಿ. ಗೀಸರಿನ ಸ್ವಿಚ್ಚು ಒತ್ತುವುದಕ್ಕೆ ಇನ್ನೆರಡು ದಿನ ತಡಿ. ಯಾಕೆಂದು ಕೇಳಿದರೆ ‘ಇದೇನ್ ಥಂಡಿ ಅದ? ಖರೇ ಥಂಡಿ ಇನ್ನಾ ಮುಂದ ಅದ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಖರೇ ಥಂಡಿ ಬಂದು ಮೂಗು, ತುಟಿ ಒಡೆಯತೊಡಗಿದ ಮೇಲೆ ಮಾತು ಸ್ವಲ್ಪ ತಿರುಗುತ್ತದೆ. ‘ಇನ್ನೇನ್, ಶಿವರಾತ್ರಿ ಬಂತು, ಶಿವ ಶಿವಾ ಅಂತ ತಾನೇ ಹೋಗ್ತದ.’ ಹೀಗೆ ಬರುವ ಚಳಿಗೊಂದು ಸಮಾಧಾನ, ಹೋಗುವ ಚಳಿಗೊಂದು ಗಾದೆ. ನಡುವೆ ನಡುಗಿದ ದಿನಗಳ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಬೆಂಗಳೂರಿನ ಸಂಬಂಧಿಕರಿಗೆ ಇದನ್ನು ಹೇಳಿದರೆ ನಗುತ್ತಾರೆ. ‘ನಿಮ್ಮದು ಬಿಸಿಲುನಾಡಲ್ಲವೇ, ನಿಮಗೆಂಥ ಚಳಿ’ ಎನ್ನುತ್ತಾರೆ. ಬಿಸಿಲುನಾಡು ಎಂಬುದು ಸುಳ್ಳಲ್ಲ. ನಮ್ಮ ಬೀದರಿನಲ್ಲಿ 1931ರ ಮೇ 8ರಂದು 43.3 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಆದರೆ ಅದೇ ಬೀದರಿನಲ್ಲಿ 1901ರ ಜನವರಿ 5ರಂದು ಉಷ್ಣತೆ 2.9 ಡಿಗ್ರಿಗೆ ಇಳಿದದ್ದೂ ದಾಖಲಾಗಿದೆ. ಡಿಸೆಂಬರಿನಲ್ಲಿ ದಿನದ ಕನಿಷ್ಠ ಉಷ್ಣತೆಯ ಸರಾಸರಿ 16.4 ಡಿಗ್ರಿ. ಸರಾಸರಿ ಎಂದ ಮೇಲೆ ಅದಕ್ಕಿಂತ ಎಷ್ಟೋ ಕೆಳಗಿಳಿಯುವ ರಾತ್ರಿಗಳೂ ಅದರಲ್ಲಿ ಸೇರಿರುತ್ತವೆ. ನಮ್ಮದು ಎತ್ತರದ ಬಯಲು ಸೀಮೆ. ಚಳಿಗಾಲದಲ್ಲಿ ಆಕಾಶದಲ್ಲಿ ಮೋಡವಿರುವುದಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ನೆಲ ರಾತ್ರಿ ಒಂದೇ ಸಮನೆ ಬಿಟ್ಟುಬಿಡುತ್ತದೆ. ನಮ್ಮ ಮನೆಗಳೋ ಬೇಸಿಗೆಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದವು. ದಪ್ಪ ಕಲ್ಲಿನ ಗೋಡೆ, ಗಾಳಿಗೆಂದು ಬಿಟ್ಟ ಕಿಂಡಿ, ನೆಲಕ್ಕೆ ಶಹಾಬಾದ್ ಫರ್ಸಿ. ಮೇ ತಿಂಗಳಲ್ಲಿ ಯಾವ ಫರ್ಸಿಯ ಮೇಲೆ ಚಾಪೆಯನ್ನೂ ಹಾಸದೆ ಮಲಗುತ್ತೇವೋ, ಡಿಸೆಂಬರಿನ ನಸುಕಿನಲ್ಲಿ ಅದರ ಮೇಲೆ ಬರಿಗಾಲಿಡುವುದು ಒಂದು ತಪಸ್ಸು. ಆ ತಪಸ್ಸು ದಿನಾಲೂ ಮೊದಲು ಮಾಡುವವರು ಯಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದವಳಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಯಾವ ವಾಕ್ಯ ಕಿವಿಗೆ ಬಿದ್ದರೂ ಅದರ ಕರ್ತೃಪದ ಯಾವುದು, ಕ್ರಿಯಾಪದ ಯಾವುದು ಎಂದು ಮನಸ್ಸು ಹುಡುಕುತ್ತದೆ. ‘ಇನ್ನೆರಡು ದಿನ ತಡಿ’ ಎಂಬಲ್ಲಿ ‘ತಡಿ’ ಎಂಬುದು ವಿಧ್ಯರ್ಥಕ ಕ್ರಿಯಾಪದ. ಅಂದರೆ ಹೇಳುವವರು ಒಬ್ಬರು, ತಡೆಯಬೇಕಾದವರು ಇನ್ನೊಬ್ಬರು. ‘ಇನ್ನೆರಡು ದಿನ ತಡೆಯುತ್ತೇನೆ’ ಎಂದು ತಮಗೆ ತಾವೇ ಹೇಳಿಕೊಂಡವರನ್ನು ನಾನು ಅಷ್ಟಾಗಿ ಕಂಡಿಲ್ಲ. ಆದ್ದರಿಂದ ಈ ಮಾತನ್ನೂ, ಈ ಮಾತಿನ ನೆರಳು ಬಿದ್ದಿರುವ ಕೆಲವು ಕಥೆಗಳನ್ನೂ ಒಂದು ಪಾಠವನ್ನು ಬಿಡಿಸಿ ನೋಡುವ ಹಾಗೆ ಬಿಡಿಸಿ ನೋಡೋಣವೆನಿಸಿದೆ.

ಮೊದಲು ತಡೆಯುವುದರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಹುಮನಾಬಾದಿನಲ್ಲಿ. 1970ರ ದಶಕದ ನಮ್ಮ ಮನೆಯಲ್ಲಿ ನೀರು ಕಾಯುತ್ತಿದ್ದುದು ತಾಮ್ರದ ಹಂಡೆಯಲ್ಲಿ, ತೊಗರಿ ಕಟ್ಟಿಗೆ ಮತ್ತು ಕುಳ್ಳಿನ ಉರಿಯಲ್ಲಿ. ತೊಗರಿ ಕೊಯ್ದು ರಾಶಿ ಮಾಡುವುದು ಡಿಸೆಂಬರ್, ಜನವರಿಯಲ್ಲಿ, ಎಳ್ಳಮಾವಾಸ್ಯೆಯ ಹಿಂದೆ ಮುಂದೆ. ಕಾಳು ಬಡಿದ ಮೇಲೆ ಉಳಿಯುವ ಕಟ್ಟಿಗೆ ಹಿತ್ತಲಿಗೆ ಬಂದು ಬೀಳುವುದೂ ಆಗಲೇ. ಥಂಡಿಯಾದರೋ ಕಾರ್ತಿಕದಲ್ಲೇ ಬಂದು ಕೂಡುತ್ತದೆ. ಆ ಹೊತ್ತಿಗೆ ಹಿಂದಿನ ವರ್ಷದ ಕಟ್ಟಿಗೆ ಅಡಿಗೆಗೆ ಉರಿದು ತಳ ಕಂಡಿರುತ್ತದೆ. ಮಳೆಗಾಲದಲ್ಲಿ ತಟ್ಟಿದ ಕುಳ್ಳು ಒಣಗಿರುವುದಿಲ್ಲ. ಹೀಗೆ ಥಂಡಿ ಬರುವುದಕ್ಕೂ ಉರುವಲು ಬರುವುದಕ್ಕೂ ನಡುವೆ ಒಂದು ಒಂದೂವರೆ ತಿಂಗಳ ಅಂತರ ಬೀಳುತ್ತಿತ್ತು. ‘ತಡಿ’ ಎಂಬ ಮಾತಿಗೆ ಆ ಅಂತರದಲ್ಲಿ ಅರ್ಥವಿತ್ತು. ಇಂದು ಬಚ್ಚಲಿಗೆ ಉರಿಸಿದರೆ ನಾಳೆ ರೊಟ್ಟಿ ಬೇಯಿಸುವುದಕ್ಕೆ ಇರುವುದಿಲ್ಲ ಎಂಬುದು ಜಿಪುಣತನವಲ್ಲ, ಲೆಕ್ಕ. ಆ ಲೆಕ್ಕವನ್ನು ಮನೆಯ ಹೆಂಗಸರಿಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಆದರೆ ಲೆಕ್ಕ ಬಲ್ಲವರು ಒಬ್ಬರು, ತಾರೀಖು ಹಾಕುವವರು ಇನ್ನೊಬ್ಬರು. ನರಕ ಚತುರ್ದಶಿಯ ದಿನ ಹಂಡೆಗೆ ಸುಣ್ಣ ಕೆಮ್ಮಣ್ಣು ಹಚ್ಚಿ, ಹಾಗಲಬಳ್ಳಿ ಸುತ್ತಿ, ಎಲ್ಲರಿಗೂ ಅಭ್ಯಂಗನವಾಗುತ್ತಿತ್ತು. ಮರುದಿನದಿಂದ ಹಂಡೆಗೆ ರಜೆ. ಮತ್ತೆ ದಿನಾ ಉರಿ ಹಾಕುವುದು ಯಾವಾಗ ಎಂಬುದನ್ನು ಪಡಸಾಲೆಯಲ್ಲಿ ಕಂಬಳಿಯೊಳಗಿಂದ ಅಜ್ಜ ಹೇಳಬೇಕು. ಅಜ್ಜ ಕೆಟ್ಟವನಲ್ಲ. ಬಿಸಿಲು ಅಂಗಳಕ್ಕೆ ಬಂದ ಮೇಲೆ ಎದ್ದು, ಅದೇ ಬಿಸಿಲಿನಲ್ಲಿ ನಿಂತು ಸ್ನಾನ ಮಾಡುವವನಿಗೆ ನಸುಕಿನ ಐದು ಗಂಟೆಯ ನೀರಿನ ಸಂಗತಿ ಗೊತ್ತಿರಲಿಲ್ಲ, ಅಷ್ಟೆ.

ಉರಿ ಹಾಕಲು ಶುರುವಾದ ಮೇಲೂ ಅವ್ವನ ಪಾಲು ಬದಲಾಗುತ್ತಿರಲಿಲ್ಲ. ಹಂಡೆಯ ಲೆಕ್ಕ ನಿಮಗೆ ಗೊತ್ತು. ಒಂದು ಕೊಡ ಬಿಸಿನೀರು ತೆಗೆದರೆ ಒಂದು ಕೊಡ ತಣ್ಣೀರು ಸುರಿಯಬೇಕು. ಮೊದಲು ಅಪ್ಪ, ಆಮೇಲೆ ಕಾಕಾ, ಆಮೇಲೆ ಶಾಲೆಗೆ ಹೋಗುವ ನಾವು. ಕಡೆಗೆ ಅವ್ವ. ಅಷ್ಟರಲ್ಲಿ ಉರಿ ಕೆಂಡವಾಗಿ, ಕೆಂಡ ಬೂದಿಯಾಗಿರುತ್ತಿತ್ತು. ನಾಲ್ಕೂವರೆಗೆ ಎದ್ದು ಬೂದಿ ಬಳಿದು ಉರಿ ಹಚ್ಚಿದವಳ ಪಾಲಿಗೆ ಬರುವ ನೀರನ್ನು ಉಗುರುಬೆಚ್ಚಗೆ ಎನ್ನುವುದೂ ಹೆಚ್ಚಿನ ಮಾತೇ. ಅದರಲ್ಲೂ ಥಂಡಿಯ ನಡುಮಧ್ಯೆಯೇ ನಮ್ಮೂರಿನ ಜಾತ್ರೆಗಳು. ಮಾರ್ಗಶಿರದಲ್ಲಿ ದತ್ತ ಜಯಂತಿಗೆ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳ ಉತ್ಸವ, ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆ. ಮನೆ ತುಂಬ ನೆಂಟರು. ಹಂಡೆಯ ಮುಂದಿನ ಸಾಲು ಉದ್ದವಾದಷ್ಟೂ ಅವ್ವನ ನೀರು ತಣ್ಣಗಾಗುತ್ತಿತ್ತು. ಅವಳ ಹಿಮ್ಮಡಿಯ ಸೀಳುಗಳು ಫಾಲ್ಗುಣದವರೆಗೆ ಕೂಡುತ್ತಿರಲಿಲ್ಲ. ‘ಅಕಿ ಭಾಳ ಗಟ್ಟಿ, ಥಂಡಿನೇ ಹತ್ತಲ್ಲ’ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಈ ಹೊಗಳಿಕೆಯೇ ನನ್ನ ತಕರಾರಿನ ಮೂಲ. ಸಿಗದೆ ಇದ್ದದ್ದನ್ನು ಬೇಡವೆಂದಳು ಎಂದು ಬರೆದುಕೊಳ್ಳುವ ರೂಢಿ ಮನೆಗಳಲ್ಲಿಯೂ ಇದೆ, ಕಥೆಗಳಲ್ಲಿಯೂ ಇದೆ.

ಕಥೆಗಳ ಮಾತಿಗೆ ಬರುತ್ತೇನೆ. ಬೆಚ್ಚಗಾಗುವುದನ್ನು ಮುಂದಕ್ಕೆ ಹಾಕುವುದರ ಬಗ್ಗೆ ನಾನು ಓದಿದವುಗಳಲ್ಲಿ ಮನಸ್ಸಿನಲ್ಲಿ ನಿಂತದ್ದು ಪ್ರೇಮಚಂದರ ‘ಪೂಸ್ ಕೀ ರಾತ್’, ಅಂದರೆ ಪುಷ್ಯಮಾಸದ ರಾತ್ರಿ. 1930ರಲ್ಲಿ ಪ್ರಕಟವಾದ ಹಿಂದಿ ಕಥೆ. ನಮ್ಮ ಕಡೆ ಹಿಂದಿ, ಉರ್ದು ಕಿವಿಗೆ ಪರಕೀಯವಲ್ಲವಾದ್ದರಿಂದ ಬಿ.ಎ. ಓದುವಾಗ ಅದನ್ನು ಮೂಲದಲ್ಲೇ ಓದಿದ್ದೆ. ಹಲ್ಕು ಎಂಬ ಬಡ ರೈತ ಕೂಲಿಯಲ್ಲಿ ಕಾಸು ಕಾಸು ಉಳಿಸಿ ಒಂದು ಕಂಬಳಿಗೆಂದು 3 ರೂಪಾಯಿ ಕೂಡಿಸಿರುತ್ತಾನೆ. ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆ ದುಡ್ಡು ಕೊಟ್ಟುಬಿಡು ಎಂದು ಹಲ್ಕು ಹೆಂಡತಿ ಮುನ್ನಿಗೆ ಹೇಳುತ್ತಾನೆ. ಪುಷ್ಯ ಮಾಘದ ರಾತ್ರಿಗಳಲ್ಲಿ ಹೊಲ ಕಾಯುವುದು ಹೇಗೆ ಎಂದು ಅವಳು ಕೇಳುತ್ತಾಳೆ. ಎಷ್ಟು ಕೊಟ್ಟರೂ ತೀರದ ಬಾಕಿ ಇದೆಂಥದು, ಈ ಬೇಸಾಯ ಬಿಟ್ಟು ಕೂಲಿ ಮಾಡಿದರೆ ನೆಮ್ಮದಿಯಿಂದ ಒಂದು ರೊಟ್ಟಿಯಾದರೂ ಸಿಕ್ಕೀತು ಎನ್ನುತ್ತಾಳೆ. ಕಡೆಗೆ ಗೂಡಿನಲ್ಲಿಟ್ಟಿದ್ದ ದುಡ್ಡು ತೆಗೆದು ಗಂಡನ ಕೈಗಿಡುತ್ತಾಳೆ. ಕಂಬಳಿಯ ಮಾತು ಮುಂದಕ್ಕೆ ಹೋಗುತ್ತದೆ.

ಆಮೇಲೆ ಕಥೆ ಹಲ್ಕುವಿನ ಹಿಂದೆ ಹೊಲಕ್ಕೆ ನಡೆಯುತ್ತದೆ. ಹಳೆಯ ಚಾದರ, ಕಬ್ಬಿನ ಎಲೆಯ ಗುಡಿಸಲು, ಜಬರಾ ಎಂಬ ನಾಯಿ. ಚಿಲುಮೆ ಸೇದುತ್ತಾನೆ, ನಾಯಿಯನ್ನು ಎದೆಗವಚಿಕೊಳ್ಳುತ್ತಾನೆ, ಮಾವಿನ ತೋಪಿನ ತರಗೆಲೆ ಗುಡಿಸಿ ಬೆಂಕಿ ಹಾಕಿಕೊಳ್ಳುತ್ತಾನೆ. ಮೈ ಬೆಚ್ಚಗಾದ ಮೇಲೆ ಏಳಲಾರ. ನೀಲಗಾಯಿಗಳ ಹಿಂಡು ಬಂದು ಪೈರು ಮೇಯುವ ಸದ್ದು ಕೇಳುತ್ತದೆ, ನಾಯಿ ಬೊಗಳುತ್ತದೆ, ಇವನು ಎರಡು ಹೆಜ್ಜೆ ಹೋಗಿ ಗಾಳಿಗೆ ಹೆದರಿ ಮತ್ತೆ ಬೂದಿಯ ಹತ್ತಿರ ಕೂಡುತ್ತಾನೆ. ಬೆಳಗ್ಗೆ ಮುನ್ನಿ ಬಂದು ಎಬ್ಬಿಸಿದಾಗ ಹೊಲವೆಲ್ಲ ಹಾಳು. ಅವಳಿಗೆ ಕಂದಾಯದ ಚಿಂತೆ. ಅವನಿಗೆ ಇನ್ನು ಇಲ್ಲಿ ಥಂಡಿಯಲ್ಲಿ ಮಲಗುವುದು ತಪ್ಪಿತಲ್ಲ ಎಂಬ ಸಂತೋಷ.

ದೊಡ್ಡ ಕಥೆ ಎಂಬುದರಲ್ಲಿ ಎರಡು ಮಾತಿಲ್ಲ. ರೈತನನ್ನು ಪೂಜೆಯ ಗೊಂಬೆ ಮಾಡದೆ, ಚಳಿಗೆ ಸೋತ ಒಬ್ಬ ಮನುಷ್ಯನನ್ನಾಗಿ ತೋರಿಸಿದ್ದು ಪ್ರೇಮಚಂದರ ಧೈರ್ಯ. ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಬಿಡುವಿನ ಪಿರಿಯಡ್ಡಿನಲ್ಲಿ ಈ ಕಥೆ ಹೇಳಿದೆ. ಹುಡುಗರೆಲ್ಲ ನಾಯಿಯ ಬಗ್ಗೆ ಕೇಳಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ‘ಆ ರಾತ್ರಿ ಮನ್ಯಾಗ ಮುನ್ನಿ ಏನ್ ಹೊಚ್ಚಗೊಂಡಿದ್ಳು ಟೀಚರ್?’ ಎಂದಳು. ಇಡೀ ಕಥೆಯನ್ನು ಜಾಲಾಡಿದರೂ ಅದಕ್ಕೆ ಉತ್ತರ ಸಿಗುವುದಿಲ್ಲ. ಕಥೆಗೆ ಹೋಗಲು ಹೊಲದ ದಾರಿಯೊಂದೇ ಗೊತ್ತು. ಮೊದಲ ಜಗಳದಲ್ಲಿ ಮುನ್ನಿ ಇದ್ದಾಳೆ, ಕೊನೆಯ ದುಃಖದಲ್ಲಿ ಮುನ್ನಿ ಇದ್ದಾಳೆ, ನಡುವಿನ ಚಳಿಯಲ್ಲಿ ಇಲ್ಲ. ಒಂದೇ ಕಂಬಳಿಗೆ ದುಡ್ಡು ಕೂಡಿಸಿದ ಮನೆಯಲ್ಲಿ ಎರಡನೆಯ ಕಂಬಳಿ ಇತ್ತೆಂದು ನಂಬಲು ನನಗೆ ಯಾವ ಆಧಾರವೂ ಕಾಣುವುದಿಲ್ಲ. ಹಲ್ಕುವಿಗೆ ನಾಯಿಯ ಮೈಬಿಸಿಯಾದರೂ ಇತ್ತು. ಇದನ್ನು ಪ್ರೇಮಚಂದರ ಮೇಲಿನ ದೂರೆಂದು ತಿಳಿಯಬೇಡಿ. ಕಥೆಯಲ್ಲಿ ಅತಿ ಖಾರವಾದ, ಅತಿ ನೇರವಾದ ಮಾತುಗಳನ್ನು ಅವರು ಕೊಟ್ಟಿರುವುದು ಮುನ್ನಿಗೇ. ನನ್ನ ದೂರು ನಾವು ಅದನ್ನು ಓದಿಸುವ ರೀತಿಯ ಬಗ್ಗೆ. ‘ಹಲ್ಕುವಿನ ಪಾತ್ರ ಚಿತ್ರಣ ಮಾಡಿರಿ’, ‘ಜಬರಾನ ಸ್ವಾಮಿನಿಷ್ಠೆಯನ್ನು ವಿವರಿಸಿರಿ’ ಎಂದು ಪ್ರಶ್ನೆ ಕೇಳಿ ಐದೈದು ಅಂಕ ಕೊಡುತ್ತೇವೆ. ನಾಯಿಗೆ ಐದು ಅಂಕ, ದುಡ್ಡು ತೆಗೆದುಕೊಟ್ಟ ಹೆಂಗಸಿಗೆ ಸಂದರ್ಭ ಸಹಿತ ವಿವರಣೆಯಲ್ಲಿ ಎರಡು.

ಬಡವನ ಚಳಿಯ ಇನ್ನೊಂದು ಪ್ರಸಿದ್ಧ ಕಥೆ ರಷ್ಯದ ಗೊಗೊಲನ ‘ಓವರ್‌ಕೋಟ್’. ಇದು 1842ರದು. ಪೀಟರ್ಸ್‌ಬರ್ಗಿನ ಕಚೇರಿಯೊಂದರಲ್ಲಿ ಕಾಗದ ನಕಲು ಮಾಡುವ ಅಕಾಕಿ ಎಂಬ ಗುಮಾಸ್ತನ ಕೋಟು ಸವೆದು ಬಟ್ಟೆಯೇ ಉಳಿದಿಲ್ಲ. ಹೊಸದಕ್ಕೆ ದುಡ್ಡು ಕೂಡಿಸಲು ಸಂಜೆಯ ಚಹಾ ಬಿಡುತ್ತಾನೆ, ಬೂಟಿನ ತಳ ಸವೆಯಬಾರದೆಂದು ತುದಿಗಾಲಲ್ಲಿ ನಡೆಯುತ್ತಾನೆ, ರಾತ್ರಿ ಮೇಣದಬತ್ತಿ ಹಚ್ಚುವುದಿಲ್ಲ. ಕೋಟು ಬಂದ ದಿನವೇ ಅದು ಕಳುವಾಗುತ್ತದೆ, ದೂರು ಕೊಡಲು ಹೋದಲ್ಲಿ ಬೈಸಿಕೊಳ್ಳುತ್ತಾನೆ, ಜ್ವರ ಬಂದು ಸಾಯುತ್ತಾನೆ. ಲೋಕವೆಲ್ಲ ಈ ಗುಮಾಸ್ತನಿಗಾಗಿ ಕಣ್ಣೀರು ಹಾಕಿದೆ, ನಾನೂ ಹಾಕಿದ್ದೇನೆ. ಆದರೆ ಅವನ ಉಳಿತಾಯದ ಪಟ್ಟಿಯಲ್ಲಿ ಗೊಗೊಲ್ ಒಂದು ಸಣ್ಣ ಸಂಗತಿಯನ್ನು ತುಂಬ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾನೆ. ರಾತ್ರಿ ಏನಾದರೂ ಕೆಲಸವಿದ್ದರೆ ಅಕಾಕಿ ಮನೆಯೊಡತಿಯಾದ ಮುದುಕಿಯ ಕೋಣೆಗೆ ಹೋಗಿ ಅವಳ ಮೇಣದಬತ್ತಿಯ ಬೆಳಕಿನಲ್ಲಿ ಮಾಡುತ್ತಾನೆ. ಬತ್ತಿ ಉರಿದದ್ದಂತೂ ಉರಿದೇ ಉರಿಯಿತು. ಉಳಿದದ್ದು ಇವನದು, ಕರಗಿದ್ದು ಅವಳದು. ಇವನ ತಾಳ್ಮೆಯನ್ನು ವರ್ಣಿಸುವ ವಿಮರ್ಶಕರಿಗೆ ಆ ಮೇಣದಬತ್ತಿ ಕಾಣುವುದು ಅಪರೂಪ. ಮನೆಯ ಬಜೆಟ್ಟಿನಲ್ಲಿ ‘ಉಳಿಸಿದೆವು’ ಎಂದು ಗಂಡಸರು ಬರೆಯುವ ಕಡೆಯಲ್ಲೆಲ್ಲ ಯಾರದೋ ಒಂದು ಮೇಣದಬತ್ತಿ ಕರಗಿರುತ್ತದೆಯೇ ಎಂದು ನೋಡುವುದು ಒಳ್ಳೆಯದು.

ರಷ್ಯದವರೆಗೆ ಹೋದವಳು ನಮ್ಮ ಕಲ್ಯಾಣಕ್ಕೇ ಬರುತ್ತೇನೆ, ಏಕೆಂದರೆ ಈ ಪ್ರಶ್ನೆಗೆ ಇಲ್ಲಿನ ಹೆಂಗಸರು 12ನೆಯ ಶತಮಾನದಲ್ಲೇ ಬೇರೆ ಬಗೆಯಲ್ಲಿ ನಡೆದು ತೋರಿಸಿದ್ದಾರೆ. ಕಟ್ಟಿಗೆಯ ಮಾತು ಬಂದರೆ ನಮಗೆ ನೆನಪಾಗುವವನು ಮೋಳಿಗೆ ಮಾರಯ್ಯ. ಕಾಶ್ಮೀರದ ಅರಸನಾಗಿದ್ದವನು ರಾಜ್ಯ ಬಿಟ್ಟು ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಕಾಯಕ ಮಾಡಿದನೆಂಬುದು ಐತಿಹ್ಯ. ಹುಮನಾಬಾದ್ ತಾಲ್ಲೂಕಿನ ಮೋಳಕೇರಾ ಊರಿನೊಂದಿಗೆ ಅವನ ಹೆಸರನ್ನು ಜನ ಇಂದಿಗೂ ಜೋಡಿಸುತ್ತಾರೆ. ಹಿಮದ ನಾಡಿನ ಅರಸ ನಮ್ಮ ಬಯಲಿನಲ್ಲಿ ಊರವರ ಒಲೆಗಳಿಗೆ ಕಟ್ಟಿಗೆ ಹೊತ್ತ ಎಂಬ ಕಲ್ಪನೆಯೇ ಚೆಂದ.

ಒಂದು ದಿನ ಮಾರಯ್ಯ ಕಟ್ಟಿಗೆಗೆ ಹೋಗಿದ್ದಾಗ ಬಸವಣ್ಣ ಜಂಗಮ ವೇಷದಲ್ಲಿ ಅವರ ಮನೆಗೆ ಬಂದ, ಮಹಾದೇವಿ ನೀಡಿದ ಗಂಜಿ ಸೇವಿಸಿ ಯಾರಿಗೂ ತಿಳಿಯದಂತೆ ಹೊನ್ನು ಇಟ್ಟು ಹೋದ, ಮಾರಯ್ಯ ಬಂದು ಆ ಹೊನ್ನನ್ನು ತನ್ನದಲ್ಲವೆಂದು ಜಂಗಮರಿಗೆ ಕೊಟ್ಟುಬಿಟ್ಟ ಎಂದು ಕಥೆ. ಪುರಾಣ ಹೇಳುವವರು ಹೊನ್ನಿನ ಹತ್ತಿರ ಬಂದಾಗ ದನಿ ಏರಿಸುತ್ತಾರೆ. ನನ್ನ ಕಣ್ಣು ಗಂಜಿಯ ಮೇಲೆ. ಕಟ್ಟಿಗೆ ಮಾರುವವರ ಮನೆಯಲ್ಲಿ ಒಲೆ ಹೊತ್ತಿತ್ತು. ಮಾರುವ ಹೊರೆಯಿಂದ ತಮ್ಮ ಒಲೆಗೆ ಬೇಕಾದಷ್ಟನ್ನು ತೆಗೆದಿರಿಸಿದ್ದರು. ಬಂದವನಿಗೆ ‘ಯಜಮಾನರು ಬರಲಿ, ಇನ್ನೆರಡು ಗಳಿಗೆ ತಡಿ’ ಎಂದು ಮಹಾದೇವಿ ಹೇಳಲಿಲ್ಲ. ಹಸಿದು ಬಂದಿದ್ದಾನೆ, ಗಂಜಿ ಇದೆ, ನೀಡಿದಳು. ಅಪ್ಪಣೆಗಾಗಿ ಕಾಯಲಿಲ್ಲ. ಸ್ವತಃ ವಚನ ಬರೆದ ಹೆಂಗಸು ಅವಳು, ತನ್ನ ಮನೆಯ ಒಲೆಯ ಮಟ್ಟಿಗೆ ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿತ್ತು.

ಇನ್ನೊಬ್ಬಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಇಷ್ಟು ನಮಗೆ ಬೇಡ, ಹಿಂದಕ್ಕೆ ಹಾಕಿ ಬಾ ಎಂದು ಕಳಿಸಿದಳು. ಮಿತವ್ಯಯದ ಪಾಠಕ್ಕೆ ಇವಳ ಹೆಸರನ್ನು ನಾವೆಲ್ಲ ಹೇಳುತ್ತೇವೆ. ಹೇಳುವಾಗ ಎರಡು ಸಂಗತಿ ಮರೆತುಹೋಗುತ್ತವೆ. ಒಂದು, ಅಳತೆ ಹೇಳಿದವಳು ಅಡಿಗೆ ಮಾಡುವವಳು. ಪಡಸಾಲೆಯಿಂದ ಬಂದ ಆಜ್ಞೆ ಅಲ್ಲ ಅದು. ಎರಡು, ಅವಳು ಬೇಡವೆಂದದ್ದು ಬೇಕಾದ್ದಕ್ಕಿಂತ ಹೆಚ್ಚಾದುದನ್ನು. ಇಂದಿನ ಅಕ್ಕಿಯನ್ನು ನಾಡಿದ್ದಿಗೆ ಬೇಯಿಸೋಣ, ಇನ್ನೆರಡು ದಿನ ಹಸಿದಿರೋಣ ಎಂದು ಅವಳು ಹೇಳಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಬೇಡ ಎನ್ನುವುದು ಬೇರೆ, ಬೇಕಾದ್ದೇ ಈಗ ಬೇಡ ಎನ್ನುವುದು ಬೇರೆ. ಮೊದಲನೆಯದು ಮಿತವ್ಯಯ. ಎರಡನೆಯದನ್ನು ಅದೇ ಹೆಸರಿನಿಂದ ಕರೆದು ಲಕ್ಕಮ್ಮನ ಸಾಲಿನಲ್ಲಿ ಕೂರಿಸುವುದು ಅವಳಿಗೆ ಮಾಡುವ ಅನ್ಯಾಯ.

ಈಗ ಹಂಡೆ ಹೋಗಿ ಸ್ವಿಚ್ಚು ಬಂದಿದೆಯಲ್ಲ, ಇನ್ನೇನು ತಕರಾರು ಎಂದು ನೀವು ಕೇಳಬಹುದು. ಸ್ವಿಚ್ಚು ಬಂದ ಊರುಗಳಲ್ಲೂ ಮಾತು ಹಾಗೇ ಇದೆ. ನನ್ನ ತಂಗಿಯ ಮಗಳು ಜರ್ಮನಿಯಲ್ಲಿದ್ದಾಳೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯದ ಗ್ಯಾಸ್ ಬರುವುದು ಕಡಿಮೆಯಾದಾಗ, ಅಲ್ಲಿನ ಸರಕಾರ ಸೆಪ್ಟೆಂಬರಿನಿಂದ ಸರಕಾರಿ ಕಚೇರಿಗಳನ್ನು 19 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದೆಂದು ನಿಯಮ ಮಾಡಿತು. ಮನೆಗಳಲ್ಲೂ ಜನ ಹೀಟರು ಹಚ್ಚುವುದನ್ನು ಮುಂದೂಡಿದರು. ‘ದೊಡ್ಡವ್ವ, ಯಾರು ಎಷ್ಟು ದಿನ ಹಚ್ಚದೆ ಇದ್ರು ಅಂತ ಇಲ್ಲಿ ಪೈಪೋಟಿ ನಡದದ’ ಎಂದು ಅವಳು ಫೋನಿನಲ್ಲಿ ನಕ್ಕಳು. ನನಗೆ ಹುಮನಾಬಾದಿನ ಪಡಸಾಲೆಯ ಮಾತೇ ಕೇಳಿಸಿದಂತಾಯಿತು. ಆದರೆ ಒಂದು ವ್ಯತ್ಯಾಸವಿದೆ. ಕಡಿಮೆ ಮಾಡಿದಾಗಲೂ ಅವರು ಒಂದು ಅಂಕಿ ಇಟ್ಟುಕೊಂಡರು. ನ್ಯೂಯಾರ್ಕ್ ನಗರದ ಕಾನೂನಿನ ಪ್ರಕಾರ ಅಕ್ಟೋಬರ್ 1ರಿಂದ ಮೇ 31ರವರೆಗೆ ಹಗಲಿನಲ್ಲಿ ಹೊರಗಿನ ಉಷ್ಣತೆ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಮನೆಯ ಮಾಲೀಕ ಬಾಡಿಗೆದಾರರ ಮನೆಯನ್ನು 20 ಡಿಗ್ರಿಗಾದರೂ ಕಾಯಿಸಿಕೊಡಬೇಕು. ಚಳಿ ಬೀಳುವ ದೇಶಗಳಲ್ಲಿ ಮನೆಯೊಳಗೆ 18 ಡಿಗ್ರಿಗಿಂತ ಕಡಿಮೆಯಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಮುದುಕರ, ಕೂಸುಗಳ, ಎದೆಗೂಡಿನ ಕಾಯಿಲೆಯವರ ಮೇಲೆ ಚಳಿ ಮೊದಲು ಕೈಯಿಡುತ್ತದೆಂಬುದೇ ಅದರ ಹಿಂದಿನ ಕಾರಣ. ತಾರೀಖು ಇರುವಲ್ಲಿ, ಅಂಕಿ ಇರುವಲ್ಲಿ, ನಡುಗುವವರು ಯಾರ ಮುಂದೆಯೂ ಗಟ್ಟಿತನ ತೋರಿಸಬೇಕಾಗಿಲ್ಲ.

ನಮ್ಮಲ್ಲಿ ಅಂಕಿ ಬಂದದ್ದು ಬೇರೆ ದಾರಿಯಿಂದ. 2023ರಲ್ಲಿ ಗೃಹಜ್ಯೋತಿ ಜಾರಿಯಾದಾಗ ನಮ್ಮ ಓಣಿಯ ಹೆಂಗಸರೆಲ್ಲ ಹಿಗ್ಗಿದರು, ಹಿಗ್ಗಬೇಕಾದ್ದೇ. ಆದರೆ ಉಚಿತವಾಗಿ ಸಿಗುವುದು ನೇರವಾಗಿ 200 ಯೂನಿಟ್ ಅಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅಷ್ಟು, ಅದರ ಮೇಲೆ ಶೇಕಡಾ 10. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು. ಇದರ ಒಳಗಿನ ಲೆಕ್ಕ ನೋಡಿ. ಆ ವರ್ಷ ಯಾವ ಮನೆಯಾಕೆ ಗೀಸರು ಹಚ್ಚದೆ ತಣ್ಣೀರು ಸುರಿದುಕೊಂಡಳೋ ಅವಳ ಮನೆಯ ಸರಾಸರಿ ಕಡಿಮೆ, ಅವಳಿಗೆ ಸಿಗುವ ಪಾಲೂ ಕಡಿಮೆ. ಧಾರಾಳವಾಗಿ ಉರಿಸಿದವರಿಗೆ ಧಾರಾಳ ಪಾಲು. ತೀರ ಕಡಿಮೆ ಉರಿಸುವವರಿಗೆ 2024ರಲ್ಲಿ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚಿಗೆ ಕೊಟ್ಟು ಸ್ವಲ್ಪ ಸರಿಮಾಡಿದರು. ಸರಾಸರಿ ಎಂಬ ಪದವೇ ಹಾಗೆ. ಹನ್ನೆರಡು ತಿಂಗಳನ್ನು ಒಂದೇ ಹಲಗೆಯಿಂದ ಸಪಾಟು ಮಾಡಿಬಿಡುತ್ತದೆ, ಅದರಲ್ಲಿ ಪುಷ್ಯಮಾಸ ಕಾಣುವುದಿಲ್ಲ.

ಹಾಗಾದರೆ ಒಬ್ಬರ ಸ್ನಾನಕ್ಕೆ ಎಷ್ಟು ಬೇಕು? ನಮ್ಮ ಶಾಲೆಯ ವಿಜ್ಞಾನದ ಮೇಡಂ ಸ್ಟಾಫ್ ರೂಮಿನಲ್ಲಿ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿ ತೋರಿಸಿದರು. 15 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.35 ಯೂನಿಟ್. 1,500 ವ್ಯಾಟಿನ ರಾಡಿಗೆ ಹದಿನಾಲ್ಕು ಹದಿನೈದು ನಿಮಿಷದ ಕೆಲಸ. ತಿಂಗಳಿಗೆ ಹತ್ತು ಹನ್ನೊಂದು ಯೂನಿಟ್. ಐದು ಮಂದಿಯ ಮನೆಗೆ 50 ಯೂನಿಟ್ ದಾಟುತ್ತದೆ. ಇದು ಸಣ್ಣ ಸಂಖ್ಯೆಯಲ್ಲ, ಒಪ್ಪುತ್ತೇನೆ. ಆದರೆ ಎಷ್ಟೋ ಮನೆಗಳಲ್ಲಿ ಉಳಿತಾಯ ಮಾಡುವುದೆಂದರೆ ಆ ಐದರಲ್ಲಿ ನಾಲ್ಕು ಬಕೆಟ್ ಕಾಯಿಸಿ, ಐದನೆಯದನ್ನು ‘ನನಗೇನ್ ಬ್ಯಾಡ, ನಡೀತದ’ ಎಂದು ಬಿಡುವುದು. ಆ ಐದನೆಯದು ಯಾರದೆಂದು ಕೇಳಿದರೆ ಮನೆಮಂದಿಗೆ ಹೇಳಲಿಕ್ಕೂ ತಿಳಿಯುವುದಿಲ್ಲ. ಉಳಿದದ್ದು ದಿನಕ್ಕೆ ಒಂದು ಯೂನಿಟ್ಟಿನ ಮೂರನೆಯ ಒಂದು ಭಾಗ.

ಹೆಣ್ಣಿಗೆ ಕೇಳದೆಯೇ ಬಿಸಿ ಸಿಗುವ ಕಾಲ ನಮ್ಮ ಕಡೆ ಇಲ್ಲವೆಂದಲ್ಲ. ಬಾಣಂತಿಯ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡದ ಶೆಗಡಿ, ಲೋಬಾನದ ಹೊಗೆ, ಕಾದು ಕುದಿಯುವ ನೀರಿನ ಎರೆತ, ತಲೆಗೆ ಬಟ್ಟೆ, ಕಾಲಿಗೆ ಚೀಲ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡುವುದು ಅಪಾಯ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ತಾಯಿ ಕೂಸು ಇಬ್ಬರ ಜೀವಕ್ಕೂ ಅದು ಕುತ್ತು. ಗಾಳಿಯಾಡುವಂತೆ ಕಿಟಕಿ ತೆರೆದಿಡಬೇಕೆಂದು ಈಗಿನ ತಾಯಂದಿರಿಗೆ ಹೇಳಲೇಬೇಕು. ಅದಿರಲಿ. ನಾನು ಹೇಳಹೊರಟದ್ದು, ಆ ಕೋಣೆಗೆ ಶೆಗಡಿ ಒಯ್ಯುವಾಗ ‘ಇನ್ನೆರಡು ದಿನ ತಡಿ’ ಎಂದವರನ್ನು ನಾನು ನೋಡಿಲ್ಲ. ತೀರ ಬಡವರ ಮನೆಯಲ್ಲೂ ಕಟ್ಟಿಗೆ ಎಲ್ಲಿಂದಲೋ ಹುಟ್ಟುತ್ತದೆ. ಅಂದರೆ ಬೇಕು ಎಂದು ಮನೆ ಒಪ್ಪಿಕೊಂಡರೆ ಉರಿ ಹೊತ್ತುತ್ತದೆ. ನಲವತ್ತು ದಿನ ಮುಗಿದ ಮೇಲೆ ಅದೇ ಹೆಂಗಸು ಅದೇ ಬಚ್ಚಲಿನಲ್ಲಿ ಎಲ್ಲರ ನೀರೂ ಮುಗಿಯಲೆಂದು ಕಾಯುತ್ತಾಳೆ. ದೇಹ ಅದೇ, ಥಂಡಿ ಅದೇ. ಬದಲಾದದ್ದು ಮನೆಯ ಒಪ್ಪಿಗೆ ಮಾತ್ರ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ತಡೆಯುವುದು ತಪ್ಪಲ್ಲ. ಉರುವಲಿಗೆ ಬೆಲೆ ಇದೆ, ವಿದ್ಯುತ್ತಿಗೆ ಬೆಲೆ ಇದೆ, ಮರ ಕಡಿಯುವುದಕ್ಕಂತೂ ಲೆಕ್ಕವಿರಲೇಬೇಕು. ಆದರೆ ಎಷ್ಟು ದಿನ ತಡೆಯಬಹುದೆಂದು ಹೇಳುವ ಹಕ್ಕು ನಸುಕಿನಲ್ಲಿ ಫರ್ಸಿಯ ಮೇಲೆ ಮೊದಲು ಕಾಲಿಡುವವರದು. ಮನೆಯಲ್ಲಿ ಮುದುಕರೋ ಕೂಸೋ ಇದ್ದರೆ ತಡೆಯುವ ಮಾತೇ ಬೇಡ. ಕಥೆ ಓದಿಸುವ ನನ್ನಂಥವರು ಪ್ರಶ್ನೆಪತ್ರಿಕೆಯಲ್ಲಿ ಮುನ್ನಿಯ ಹೊದಿಕೆಗೂ ಒಂದು ಪ್ರಶ್ನೆ ಇಡೋಣ.

ಹೋದ ವರ್ಷ ನಮ್ಮ ಮನೆಯಲ್ಲಿ ಗೀಸರಿನ ತಾರೀಖು ಹಾಕಿದವಳು ನನ್ನ ಸೊಸೆ. ಗೋಡೆಯ ಕ್ಯಾಲೆಂಡರಿನಲ್ಲಿ ನವೆಂಬರಿನ ಒಂದು ದಿನಕ್ಕೆ ಕೆಂಪು ಪೆನ್ನಿನಿಂದ ಗೋಲ ಬರೆದಳು. ನಮ್ಮ ಯಜಮಾನರು ಕನ್ನಡಕ ಏರಿಸಿ ನೋಡಿ, ‘ಇಷ್ಟ್ ಲಗೂನ?’ ಎಂದರು. ‘ಹೌದ್ರಿ ಮಾಮಾ, ನಸುಕಿನ್ಯಾಗ ಏಳೋಕಿ ನಾನು’ ಎಂದಳು. ಅವರು ಮತ್ತೇನೂ ಹೇಳಲಿಲ್ಲ. ಆ ತಿಂಗಳು ಬಿಲ್ಲು ಸ್ವಲ್ಪ ಹೆಚ್ಚು ಬಂತು, ಕಟ್ಟಿದೆವು. ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಆ ಗೋಲವನ್ನು ಯಾರು ಬರೆಯುತ್ತಾರೆಂದು ಈ ಕಾರ್ತಿಕದಲ್ಲಿ ಒಮ್ಮೆ ನೋಡಿ.